ಇವತ್ತಿನ ಗಂಜಿಗಷ್ಟೇ

1990ರ ಆಗಸ್ಟ್ 2, ಗುರುವಾರ. ಆಟಿ ತಿಂಗಳ ಮಳೆ ಹೆಂಚಿನ ಮೇಲೆ ಹೊಯ್ಯುತ್ತಿತ್ತು. ಮಂಗಳೂರಿನ ಜೆಪ್ಪುವಿನ ನಮ್ಮ ಮನೆಯಲ್ಲಿ ರೇಡಿಯೊ ಎಷ್ಟು ಜೋರು ಮಾಡಿದರೂ ವಾರ್ತೆ ಸರಿಯಾಗಿ ಕೇಳುತ್ತಿರಲಿಲ್ಲ. ಮಳೆಯ ಸದ್ದಿನ ನಡುವೆ ‘ಕುವೈತ್’ ಎಂಬ ಒಂದು ಮಾತು ಮಾತ್ರ ಕಿವಿಗೆ ಬಿತ್ತು. ಗಂಜಿಯ ಪಾತ್ರೆಯಲ್ಲಿ ಸೌಟು ಹಾಗೇ ಬಿಟ್ಟು ರೇಡಿಯೊಗೆ ಕಿವಿ ಹಚ್ಚಿದೆ. ಇರಾಕಿನ ಸೈನ್ಯ ಬೆಳಕು ಹರಿಯುವ ಮುಂಚೆಯೇ ಕುವೈತಿನೊಳಗೆ ನುಗ್ಗಿತ್ತು. ನನ್ನ ಗಂಡ ಅಲ್ಲಿನ ಫಹಾಹೀಲ್ ಎಂಬಲ್ಲಿ ಎಲೆಕ್ಟ್ರಿಷಿಯನ್. ಹೋಗಿ ಮೂರು ವರ್ಷವಾಗಿತ್ತು. ಮಗಳಿಗೆ ಐದು ವರ್ಷ.

ಅವತ್ತಿನಿಂದ ನಲವತ್ತೇಳು ದಿನ ಅವರು ಇದ್ದಾರೋ ಇಲ್ಲವೋ ನಮಗೆ ಗೊತ್ತಿರಲಿಲ್ಲ. ಕುವೈತಿನ ಟೆಲಿಫೋನ್ ಸಂಪರ್ಕ ಕಡಿದುಹೋಗಿತ್ತು. ಟಪಾಲು ನಿಂತಿತ್ತು. ಹಂಪನಕಟ್ಟೆಯ ಎಸ್‌ಟಿಡಿ ಬೂತಿನಲ್ಲಿ ಸಾಲು ನಿಂತು, ನಂಬರ್ ಒತ್ತಿ, ಆ ಕಡೆಯಿಂದ ಏನೂ ಕೇಳಿಸದೆ ಹಿಂದೆ ಬರುವುದೇ ಕೆಲಸವಾಯಿತು. ಆ ಸಾಲಿನಲ್ಲಿ ನಾನೊಬ್ಬಳೇ ಇರಲಿಲ್ಲ. ಕುವೈತಿನಲ್ಲಿ ಆಗ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದರು. ಮಂಗಳೂರು, ಉಡುಪಿಯ ಮನೆಮನೆಯಿಂದ ಒಬ್ಬರು ಗಲ್ಫಿಗೆ ಹೋದ ಕಾಲ ಅದು. ಎದುರುಮನೆಯ ಉಮ್ಮನ ಮಗನೂ ಅಲ್ಲೇ ಇದ್ದ. ಪ್ರಾರ್ಥನೆಯ ಬಗ್ಗೆ ಬರೆಯಲು ಹೊರಟಾಗ ನನಗೆ ಧರ್ಮಶಾಸ್ತ್ರದ ಪುಸ್ತಕಗಳಿಗಿಂತ ಮೊದಲು ಆ ದಿನಗಳೇ ನೆನಪಾಗುತ್ತವೆ. ಚಿಕ್ಕಂದಿನಿಂದ ಕಣ್ಣುಮುಚ್ಚಿ ಕೈಜೋಡಿಸಿ ಹೇಳಿಕೊಂಡು ಬಂದ ಮಾತುಗಳ ಅರ್ಥ ನನಗೆ ತಿಳಿದದ್ದು ಆಗಲೇ.

ಮೊದಲ ರಾತ್ರಿ ನಾನು ಮಾಡಿದ್ದು ವ್ಯಾಪಾರ. ‘ದೇವರೇ, ಇವರನ್ನು ಜೀವಸಹಿತ ಮನೆಗೆ ತಂದು ಬಿಡು, ನನ್ನ ಕಿವಿಯ ಬೆಂಡೋಲೆಯನ್ನು ಸಭೆಗೆ ಕೊಡುತ್ತೇನೆ’ ಎಂದು ಗಟ್ಟಿಯಾಗಿಯೇ ಹೇಳಿಕೊಂಡೆ. ಪಕ್ಕದ ಚಾಪೆಯಲ್ಲಿ ಮಲಗಿದ್ದ ಮಾಮಿಗೆ ಕೇಳಿಸಿತು. ನಮ್ಮ ತುಳುವಿನಲ್ಲಿ ಅತ್ತೆಗೆ ಮಾಮಿ ಎನ್ನುತ್ತೇವೆ. ಆಗ ಅವರಿಗೆ ಎಪ್ಪತ್ತಾರು. ಕತ್ತಲಲ್ಲೇ ಎದ್ದು ಕೂತು ಅಂದರು: “ಬೆಂಡೋಲೆ ಕೊಡಬೇಕು ಅಂತ ಮನಸ್ಸುಂಟಾದರೆ ನಾಳೆಯೇ ಕೊಡು. ಅವನ ಜೀವಕ್ಕೆ ಅದನ್ನು ಕಟ್ಟಬೇಡ. ದೇವರು ಗಿರವಿ ಅಂಗಡಿ ಇಟ್ಟಿಲ್ಲ.”

ನನಗೆ ಸಿಟ್ಟು ಬಂತು. ಅವರದ್ದೇ ಮಗ. ಇಷ್ಟು ಲೆಕ್ಕಾಚಾರದ ಮಾತು ಈ ಹೊತ್ತಿನಲ್ಲಿ ಹೇಗೆ ಬಂತು ಅನ್ನಿಸಿತು. ಅವರು ನನ್ನ ಕೈ ಹಿಡಿದು, “ಕೊಡುವುದಕ್ಕೆ ಏನೂ ಇಲ್ಲದವರ ಹಾಗೆ ಕೇಳು. ಮಗು ಕೇಳುವ ಹಾಗೆ” ಎಂದರು.

ಕ್ರೈಸ್ತರಲ್ಲದ ಓದುಗರಿಗಾಗಿ ಇಲ್ಲಿ ಸ್ವಲ್ಪ ಹೇಳಬೇಕು. ನಾವು ಪ್ರಾಟೆಸ್ಟೆಂಟರು, ಬಾಸೆಲ್ ಮಿಷನ್ನಿನ ಕಡೆಯವರು. ಸಭೆ ಎಂದರೆ ನಮ್ಮ ಚರ್ಚು, ಸತ್ಯವೇದ ಎಂದರೆ ಬೈಬಲ್. ನಮ್ಮ ಮನೆಗಳಲ್ಲಿ ದೇವರ ಪಟವಾಗಲಿ ಮೂರ್ತಿಯಾಗಲಿ ಇರುವುದಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಮನೆಯವರೆಲ್ಲ ಕೂತು ಒಂದು ಸಂಗೀತ ಹೇಳಿ, ಸತ್ಯವೇದದ ಒಂದು ಭಾಗ ಓದಿ, ಒಬ್ಬರು ತಮ್ಮದೇ ಮಾತಿನಲ್ಲಿ ದೇವರೊಡನೆ ಮಾತಾಡುತ್ತಾರೆ. ಮಂತ್ರವಿಲ್ಲ, ಮುಹೂರ್ತವಿಲ್ಲ. ಮಕ್ಕಳ ಪರೀಕ್ಷೆ, ಬಾಡಿಗೆ, ಹಸುವಿನ ಕಾಯಿಲೆ ಎಲ್ಲವೂ ಆ ಮಾತಿನಲ್ಲಿ ಬರುತ್ತವೆ. ಕೊನೆಗೆ ಎಲ್ಲರೂ ಸೇರಿ ಯೇಸು ತನ್ನ ಶಿಷ್ಯರಿಗೆ ಕಲಿಸಿಕೊಟ್ಟ ಪ್ರಾರ್ಥನೆಯನ್ನು ಹೇಳುತ್ತೇವೆ. ಪಕ್ಕದ ಮನೆಯ ಬಾಯಮ್ಮ ಕೆಥೋಲಿಕರು. ಅವರ ಮನೆಯಲ್ಲಿ ಸಂಜೆ ಕೊಂಕಣಿಯಲ್ಲಿ ತೇರ್ಸ್ ನಡೆಯುತ್ತದೆ, ಜಪಸರದ ಮಣಿ ಎಣಿಸುತ್ತ ಮರಿಯಮ್ಮನ ಮೂಲಕ ಬೇಡಿಕೊಳ್ಳುವುದು. ಅತ್ತೂರಿನ ಇಗರ್ಜಿಗೆ ಹರಕೆಯನ್ನೂ ಹೊರುತ್ತಾರೆ. ಕ್ರಮ ಬೇರೆ. ಆದರೆ ಕೊನೆಗೆ ಹೇಳುವ ಆ ಒಂದು ಪ್ರಾರ್ಥನೆ ಎರಡೂ ಮನೆಯದ್ದು.

ಅದನ್ನು ಹೇಳಿ ಮುಗಿಸಲು ಅರ್ಧ ನಿಮಿಷ ಸಾಕು. ದೇವರನ್ನು ತಂದೆ ಎಂದು ಕರೆದು ಶುರು. ಅವನ ಹೆಸರು, ಅವನ ರಾಜ್ಯ, ಅವನ ಚಿತ್ತ ಮೊದಲು. ಆಮೇಲೆ ನಮ್ಮ ಹೊಟ್ಟೆ, ನಮ್ಮ ತಪ್ಪು, ನಮಗೆ ಬರುವ ಶೋಧನೆ. ಹೊಟ್ಟೆಯ ವಿಷಯದಲ್ಲಿ ಕೇಳುವುದು ಒಂದೇ ದಿನದ್ದು. ಗ್ರೀಕ್ ಮೂಲದಲ್ಲಿ ಇರುವುದು ರೊಟ್ಟಿ. ನಮ್ಮ ಸತ್ಯವೇದ ಅದನ್ನು ಆಹಾರ ಎಂದಿದೆ, ಅನ್ನ ಉಣ್ಣುವ ನಾಡಿಗೆ ಅದು ಸರಿಯೇ. ಆ ರೊಟ್ಟಿಯ ಜತೆಗಿರುವ ವಿಶೇಷಣ ಮಾತ್ರ ಪಂಡಿತರನ್ನು ಬಹಳ ಕಾಡಿದೆ. ಗ್ರೀಕ್ ಸಾಹಿತ್ಯದಲ್ಲಿ ಬೇರೆಲ್ಲೂ ಸರಿಯಾಗಿ ಸಿಗದ ಪದ ಅದು. ಸುವಾರ್ತೆ ಬರೆದವರೇ ಅದನ್ನು ಕಟ್ಟಿರಬೇಕು ಎಂದು ಮೂರನೆಯ ಶತಮಾನದಲ್ಲೇ ಒರಿಜೆನ್ ಎಂಬ ವಿದ್ವಾಂಸ ಹೇಳಿದ್ದ. ಈ ದಿನದ್ದು ಎನ್ನುವವರಿದ್ದಾರೆ, ಬರುವ ದಿನದ್ದು ಎನ್ನುವವರಿದ್ದಾರೆ, ಬದುಕಲು ಬೇಕಾದಷ್ಟು ಎನ್ನುವವರೂ ಇದ್ದಾರೆ. ತಿಂಗಳಿನದ್ದು, ವರ್ಷದ್ದು ಎಂದು ಮಾತ್ರ ಯಾರೂ ಹೇಳಿಲ್ಲ.

ಇದರ ಹಿಂದೆ ಹಳೆಯ ಒಂದು ಕತೆ ಇದೆ. ಐಗುಪ್ತದ ಗುಲಾಮಗಿರಿಯಿಂದ ಬಿಡಿಸಿಕೊಂಡು ಮರುಭೂಮಿಗೆ ಬಂದ ಇಸ್ರಾಯೇಲರಿಗೆ ಬೆಳಗಾದರೆ ನೆಲದ ಮೇಲೆ ಮನ್ನ ಎಂಬ ಆಹಾರ ಸಿಗುತ್ತಿತ್ತು. ಅವತ್ತಿಗೆ ಬೇಕಾದಷ್ಟೇ ಕೂಡಿಸಿಕೊಳ್ಳಬೇಕು. ನಾಳೆಗೆ ಇರಲಿ ಎಂದು ಎತ್ತಿಟ್ಟವರ ಪಾಲು ಹುಳಬಿದ್ದು ನಾರಿತು. ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ದಿನದ್ದು ಕೂಡಿಸಲು ಅನುಮತಿ. ನಾನು ಇದನ್ನು ಸಂಡೇಸ್ಕೂಲಿನ ಮಕ್ಕಳಿಗೆ ಎಷ್ಟೋ ಸಲ ಹೇಳಿಕೊಟ್ಟವಳು. ನಾಳೆಯ ಭಯವನ್ನು ಇವತ್ತೇ ಕೂಡಿಸಿಟ್ಟರೂ ಹುಳ ಬೀಳುತ್ತದೆ ಎಂಬುದು ಆ ಆಗಸ್ಟಿನ ತನಕ ಹೊಳೆದಿರಲಿಲ್ಲ. ರಾತ್ರಿಯಿಡೀ ನಾನು ಮಾಡುತ್ತಿದ್ದುದು ಅದನ್ನೇ. ಇವರು ಬಾರದಿದ್ದರೆ ಮಗಳ ಓದು, ಬ್ಯಾಂಕಿನ ಸಾಲ, ಮಾಮಿಯ ಔಷಧಿ, ಹತ್ತು ವರ್ಷದ ನಂತರದ ಮದುವೆ. ಬೆಳಗ್ಗೆ ಏಳುವಾಗ ಕೈಕಾಲಿನಲ್ಲಿ ಬಲವೇ ಇರುತ್ತಿರಲಿಲ್ಲ. ಮಾಮಿ ಗಂಜಿ ಬಡಿಸಿ ಎದುರು ಕೂತು, “ಇವತ್ತಿನದ್ದು ಕೇಳಿದ್ದೀಯಾ? ಬಂತಲ್ಲ, ಉಣ್ಣು” ಎನ್ನುತ್ತಿದ್ದರು. ತೆಂಗಿನಕಾಯಿ ಚಟ್ನಿ, ಸುಟ್ಟ ಒಣಮೀನು, ಕುಚ್ಚಿಲಕ್ಕಿ ಗಂಜಿ. ನಾನು ಉಂಡೆ.

ಮಾಮಿಗೆ ಈ ಪಾಠ ಬಂದದ್ದು ಎಲ್ಲಿಂದ ಎಂದು ಆ ದಿನಗಳಲ್ಲೇ ತಿಳಿಯಿತು. ಅವರು 1914ರಲ್ಲಿ, ಮೊದಲ ಮಹಾಯುದ್ಧ ಶುರುವಾದ ವರ್ಷ ಹುಟ್ಟಿದವರು. ಅವರ ಅಪ್ಪ ಜೆಪ್ಪುವಿನ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. 1834ರಲ್ಲಿ ಮಿಷನ್ನಿನ ಮೊದಲ ಮೂವರು ಮಂಗಳೂರಿಗೆ ಬಂದರು. ಕ್ರೈಸ್ತರಾದವರನ್ನು ಮನೆಯಿಂದ, ಜಾತಿಯಿಂದ, ಆಸ್ತಿಯಿಂದ ಹೊರಗೆ ಹಾಕುತ್ತಿದ್ದ ಕಾಲ. ಅವರ ಹೊಟ್ಟೆಪಾಡಿಗೆಂದು ಮಿಷನ್ನಿನವರು ನೇಯ್ಗೆ ಶುರುಮಾಡಿದರು, 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಹೆಂಚಿನ ಕಾರ್ಖಾನೆ ಹಾಕಿದರು. ನಮ್ಮ ಕಡೆಯ ನೂರಾರು ಮನೆಗಳಿಗೆ ನಂಬಿಕೆ, ಕೆಲಸ, ಶಾಲೆ, ಆಸ್ಪತ್ರೆ ಎಲ್ಲವೂ ಒಂದೇ ಕಡೆಯಿಂದ ಬರುತ್ತಿದ್ದವು. ಯುದ್ಧ ಬಂದದ್ದೇ ತಡ, ಬ್ರಿಟಿಷ್ ಸರ್ಕಾರ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ವೈರಿ ದೇಶದವರೆಂದು ಹಿಡಿಯಿತು. ಅಹ್ಮದ್‌ನಗರದ ಶಿಬಿರಕ್ಕೆ ಕಳಿಸಿದರು. ಕಾರ್ಖಾನೆ ಸರ್ಕಾರದ ವಶಕ್ಕೆ ಹೋಯಿತು, ಮುಂದೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ. ಎಂಬತ್ತು ವರ್ಷ ಆತುಕೊಂಡಿದ್ದ ಗೋಡೆ ಒಂದೇ ಸಲಕ್ಕೆ ಇಲ್ಲವಾದ ಹಾಗಾಯಿತು.

“ನನ್ನ ಅಮ್ಮ ಹೇಳುತ್ತಿದ್ದಳು, ಅಲ್ಲಿಯವರೆಗೆ ನಾವು ದೇವರನ್ನು ನಂಬಿದ್ದೆವೋ ಮಿಷನ್ನನ್ನು ನಂಬಿದ್ದೆವೋ ನಮಗೇ ಗೊತ್ತಿರಲಿಲ್ಲ ಅಂತ” ಎಂದರು ಮಾಮಿ. ಊರಿನ ಸಭಾಪಾಲಕರು, ಉಪದೇಶಿಗಳು ನೊಗಕ್ಕೆ ಹೆಗಲು ಕೊಟ್ಟರು. ಹೆಂಗಸರು ವಾರಕ್ಕೊಂದು ದಿನ ಒಬ್ಬೊಬ್ಬರ ಮನೆಯಲ್ಲಿ ಸೇರತೊಡಗಿದರು. ಬರುವಾಗ ಒಂದು ಹಿಡಿ ಅಕ್ಕಿ ತರಬೇಕು. ಪ್ರಾರ್ಥನೆ ಮುಗಿದ ಮೇಲೆ ಆ ಅಕ್ಕಿ ಯಾರ ಒಲೆ ಹಚ್ಚಿಲ್ಲವೋ ಆ ಮನೆಗೆ. ಮಾಮಿಯ ಮನೆಗೂ ಆ ಅಕ್ಕಿ ಬಂದದ್ದುಂಟಂತೆ. 1990ರ ನಮ್ಮ ಗುರುವಾರದ ಕೂಟ ಅದೇ ಕೂಟದ ಮೊಮ್ಮಗಳು ಎನ್ನಬಹುದು.

ಆ ಕೂಟಕ್ಕೆ ಎರಡನೆಯ ಗುರುವಾರ ಹೋದಾಗ ಹತ್ತು ಹನ್ನೆರಡು ಜನ ಇದ್ದರು. ಅವರಲ್ಲಿ ಒಬ್ಬರು ನನಗಿಂತ ಎರಡು ವರ್ಷ ದೊಡ್ಡವರು, ನಾನು ಅಕ್ಕ ಎಂದೇ ಕರೆಯುವುದು. ಅವರ ಒಬ್ಬನೇ ತಮ್ಮನೂ ಕುವೈತಿನಲ್ಲಿದ್ದ. ಮಾಮಿ ಒಂದು ಲೆಕ್ಕದ ಪುಸ್ತಕ ತಂದು ಅದರಲ್ಲಿ ಅಲ್ಲಿರುವವರ ಹೆಸರನ್ನೆಲ್ಲ ಬರೆಸಿದರು. ಉಮ್ಮನ ಮಗನ ಹೆಸರು, ಬಾಯಮ್ಮನ ಅಳಿಯನ ಹೆಸರೂ ಅದರಲ್ಲಿತ್ತು. ಇತರರಿಗಾಗಿ ಪ್ರಾರ್ಥಿಸುವುದು ಕ್ರೈಸ್ತ ಪ್ರಾರ್ಥನೆಯ ದೊಡ್ಡ ಭಾಗ. ಒಂದೊಂದು ಹೆಸರನ್ನೂ ಗಟ್ಟಿಯಾಗಿ ಓದಿ, ಒಂದು ಕ್ಷಣ ಸುಮ್ಮನಿದ್ದು, ಮುಂದಿನ ಹೆಸರಿಗೆ ಹೋಗುವುದು. ಉಮ್ಮ ಒಂದು ದಿನ ಗೇಟಿನ ಹತ್ತಿರ ನಿಲ್ಲಿಸಿ, “ನನ್ನ ಮಗನ ಹೆಸರೂ ಓದುತ್ತೀರಂತಲ್ಲ. ನಾನೂ ನಮಾಜಿನ ನಂತರ ನಿನ್ನ ಗಂಡನ ಹೆಸರು ಹೇಳುತ್ತಿದ್ದೇನೆ” ಎಂದರು.

ಆದರೆ ನನಗೆ ಬೇಕಾಗಿದ್ದದ್ದು ಸಮಾಧಾನದ ಮಾತಲ್ಲ, ಸುದ್ದಿ. ಮೂರನೆಯ ವಾರಕ್ಕೆ ನನ್ನ ಪ್ರಾರ್ಥನೆ ಬತ್ತಿತು. ಸಭಾಪಾಲಕರು ಮನೆಗೆ ಬಂದಾಗ, “ಅಯ್ಯನವರೇ, ಬಾಯಿ ತೆರೆದರೆ ಬೈಗುಳ ಬರುತ್ತದೆ. ಹಾಗಾಗಿ ತೆರೆಯುವುದಿಲ್ಲ” ಎಂದೆ. ಅವರು ಸತ್ಯವೇದದಲ್ಲಿ 13ನೆಯ ಕೀರ್ತನೆ ತೆಗೆದು ಕೈಗೆ ಕೊಟ್ಟು, “ಬೈಗುಳದಿಂದಲೇ ಶುರುಮಾಡಬಹುದು, ಓದಿ ನೋಡಮ್ಮ” ಎಂದು ಕಾಫಿ ಕುಡಿದು ಹೋದರು. ಆರೇ ವಚನದ ಸಣ್ಣ ಹಾಡು. ಬರೆದವನು ದೇವರಿಗೆ ಇನ್ನೂ ಎಷ್ಟು ಕಾಲ ಎಂಬ ಪ್ರಶ್ನೆಯನ್ನು ನಾಲ್ಕು ಸಲ ಹಾಕುತ್ತಾನೆ. ನನ್ನನ್ನು ಮರೆತೇಬಿಟ್ಟೆಯಾ ಎಂದು ಮುಖಕ್ಕೇ ಕೇಳುತ್ತಾನೆ.

ಸತ್ಯವೇದದ ಮಧ್ಯದಲ್ಲಿ 150 ಕೀರ್ತನೆಗಳಿವೆ. ಹೀಬ್ರೂವಿನಲ್ಲಿ ಆ ಪುಸ್ತಕದ ಹೆಸರಿಗೆ ಸ್ತುತಿಗಳು ಎಂದೇ ಅರ್ಥ. ತೆಗೆದು ನೋಡಿದರೆ ಹತ್ತಿರಹತ್ತಿರ ಮೂರರಲ್ಲೊಂದು ಪಾಲು ಅಳಲು, ದೂರು, ತಕರಾರು. ಇಡೀ ಸಂಪುಟಕ್ಕೆ ಸ್ತುತಿ ಎಂದು ಹೆಸರಿಟ್ಟವರಿಗೆ ದೂರೂ ಅದರೊಳಗೇ ಸೇರುತ್ತದೆ ಎಂದು ಗೊತ್ತಿತ್ತು. ಕನ್ನಡದವರಿಗೆ ದೇವರನ್ನು ತರಾಟೆಗೆ ತೆಗೆದುಕೊಳ್ಳುವುದು ಹೊಸದಲ್ಲ; ದಾಸರಲ್ಲಿ ಅದಕ್ಕೆ ನಿಂದಾಸ್ತುತಿ ಎಂಬ ಹೆಸರೇ ಇದೆ. ಅಲ್ಲಿ ಬೈಗುಳದ ವೇಷ ತೊಟ್ಟು ಹೊಗಳಿಕೆ ಬರುತ್ತದೆ, ಆ ಸಲಿಗೆಯ ಸೊಗಸೇ ಬೇರೆ. ಈ ಕೀರ್ತನೆಗಳ ದೂರಿಗೆ ವೇಷವಿಲ್ಲ. ನಿಜವಾಗಿ ಹೊಡೆತ ತಿಂದವನು ನಿಜವಾಗಿ ಕೂಗುವುದು ಅದು. ಆದರೂ ಅವನು ಬೇರೆ ಬಾಗಿಲಿಗೆ ಹೋಗುವುದಿಲ್ಲ. ಯಾರ ಮೇಲೆ ದೂರೋ ಅವನಲ್ಲೇ ದೂರು ಕೊಡುತ್ತಾನೆ. ನಂಬಿಕೆ ಎಂದರೆ ಸಿಟ್ಟೇ ಬಾರದ ಸ್ಥಿತಿ ಎಂದು ನಾನು ತಿಳಿದಿದ್ದೆ. ಆ ರಾತ್ರಿ ಮೊದಲ ಬಾರಿಗೆ ಮನಸ್ಸಿಗೆ ಬಂದದ್ದನ್ನೆಲ್ಲ ದೇವರಿಗೆ ಹೇಳಿದೆ. ಹೇಳಿ ಮುಗಿಸಿದಾಗ ನಿದ್ದೆ ಬಂತು.

ಈ ಹಾಡುಗಳು ಹೆಚ್ಚಿನವು ಕೊನೆಗೆ ಎಲ್ಲೋ ಒಂದು ಕಡೆ ತಿರುಗುತ್ತವೆ, ಆದರೂ ನಿನ್ನನ್ನೇ ನೆಚ್ಚಿದ್ದೇನೆ ಎನ್ನುತ್ತವೆ. 88ನೆಯದು ಮಾತ್ರ ತಿರುಗುವುದೇ ಇಲ್ಲ. ಕತ್ತಲೆಯಲ್ಲಿ ಶುರುವಾಗಿ ಕತ್ತಲೆಯ ಮಾತಿನಲ್ಲೇ ನಿಲ್ಲುತ್ತದೆ. ಅದನ್ನು ಯಾರೂ ತಿದ್ದಲಿಲ್ಲ, ಕೊನೆಗೊಂದು ಒಳ್ಳೆಯ ಸಾಲು ಸೇರಿಸಲಿಲ್ಲ. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ಯೆಹೂದ್ಯರೂ ಕ್ರೈಸ್ತರೂ ಅದನ್ನು ಹಾಗೇ ಕಾಪಾಡಿಕೊಂಡು ಬಂದಿದ್ದಾರೆ. ಆ ಕೀರ್ತನೆಯ ವಿಷಯ ಮತ್ತೆ ಬರುತ್ತದೆ.

ಸೆಪ್ಟೆಂಬರ್ 8ಕ್ಕೆ ಕೆಥೋಲಿಕರ ಮೊಂತಿ ಹಬ್ಬ, ಮರಿಯಮ್ಮನ ಹುಟ್ಟುಹಬ್ಬ. ಬಾಯಮ್ಮನ ಮೊಮ್ಮಕ್ಕಳ ಜತೆ ನನ್ನ ಮಗಳೂ ಒಂಬತ್ತು ದಿನ ಬುಟ್ಟಿಯಲ್ಲಿ ಹೂ ಕೊಯ್ದುಕೊಂಡು ಅವರ ಇಗರ್ಜಿಗೆ ಹೋದಳು. ಹೊಸ ತೆನೆಯ ಊಟಕ್ಕೆ ನಮ್ಮನ್ನೂ ಕರೆದರು. ಅಷ್ಟು ಹೊತ್ತಿಗೆ ಪತ್ರಿಕೆಗಳಲ್ಲಿ ಜೋರ್ಡನ್ನಿನ ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನಗಳು ಜನರನ್ನು ಮುಂಬಯಿಗೆ ತರುತ್ತಿರುವ ಸುದ್ದಿ ದಿನವೂ ಬರುತ್ತಿತ್ತು. ಎರಡು ತಿಂಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಹಾಗೆ ತಂದರು. ಸೆಪ್ಟೆಂಬರ್ 18ರಂದು ನಮ್ಮ ಮನೆಗೂ ಟೆಲಿಗ್ರಾಂ ಬಂತು. ಕೊಂಕಣ ರೈಲು ಇನ್ನೂ ಆಗಿರಲಿಲ್ಲ. ಮುಂಬಯಿಯಿಂದ ಬಸ್ಸಿನಲ್ಲಿ ಬಂದು ಇಳಿದ ಮನುಷ್ಯ ಒಂದು ಪ್ಲಾಸ್ಟಿಕ್ ಚೀಲ ಹಿಡಿದಿದ್ದರು, ಕಾಲಿಗೆ ಯಾರದ್ದೋ ರಬ್ಬರ್ ಚಪ್ಪಲಿ. ಮಗಳಿಗೆ ಗುರುತು ಹತ್ತಲಿಲ್ಲ.

ಕುವೈತಿನಿಂದ ಬಾಡಿಗೆ ಬಸ್ಸಿನಲ್ಲಿ ಬಸ್ರಾ, ಅಲ್ಲಿಂದ ಬಾಗ್ದಾದ್, ಅಲ್ಲಿಂದ ಮರುಭೂಮಿ ದಾಟಿ ಜೋರ್ಡನ್ ಗಡಿ. ಗಡಿಯ ಬಯಲಿನಲ್ಲಿ ಡೇರೆ. ಹಗಲು ಕಾಯುವ ಮರಳು, ರಾತ್ರಿ ಚಳಿ, ನೀರಿನ ಟ್ಯಾಂಕರಿಗೆ ನೂಕುನುಗ್ಗಲು. ಕುಬ್ಬೂಸ್ ರೊಟ್ಟಿಗೆ ಸಾಲು, ದಿನಕ್ಕೆ ಒಂದು ಸಲ. ಮೂರು ವರ್ಷ ಕೂಡಿಟ್ಟ ದಿನಾರು ಕಿಸೆಯಲ್ಲಿದ್ದರೂ ಅದಕ್ಕೆ ಏನೂ ಸಿಗುತ್ತಿರಲಿಲ್ಲ. “ಆ ಸಾಲಿನಲ್ಲಿ ನಿಂತು ಯೇಸು ಕಲಿಸಿದ್ದನ್ನು ಹೇಳಿಕೊಳ್ಳುತ್ತಿದ್ದೆ. ಆಹಾರದ ಮಾತು ಬರುವಷ್ಟರಲ್ಲಿ ನಿಲ್ಲುತ್ತಿತ್ತು. ಮುಂದೆ ಹೋಗುತ್ತಿರಲಿಲ್ಲ” ಎಂದರು. ಬೇರೆ ಪ್ರಾರ್ಥನೆ ಮಾಡಲಿಲ್ಲವೇ ಎಂದು ಕೇಳಿದೆ. “ಆಗಲಿಲ್ಲ. ನೀನೂ ಅಮ್ಮನೂ ಮಾಡುತ್ತೀರಿ ಅಂತ ಗೊತ್ತಿತ್ತಲ್ಲ” ಎಂದರು.

ಅವರು ಹೀಗೆ ಹೇಳಿದಾಗ ಮಾಮಿಗೆ ಬಹಳ ಇಷ್ಟದ ಕತೆ ನೆನಪಾಯಿತು. ನಾಲ್ವರು ಪಾರ್ಶ್ವವಾಯು ಬಡಿದ ಗೆಳೆಯನನ್ನು ಹಾಸಿಗೆಯಲ್ಲಿ ಹೊತ್ತು ಯೇಸುವಿದ್ದ ಮನೆಗೆ ತರುತ್ತಾರೆ. ಜನಸಂದಣಿಯಲ್ಲಿ ಬಾಗಿಲಿಗೆ ಹೋಗಲಾಗುವುದಿಲ್ಲ. ಮಾಡು ಹತ್ತಿ ದಾರಿಮಾಡಿ ಹಾಸಿಗೆಯನ್ನೇ ಕೆಳಗಿಳಿಸುತ್ತಾರೆ. ಮಾರ್ಕನು ಮಾಳಿಗೆ ಅಗೆದರು ಎನ್ನುತ್ತಾನೆ, ಲೂಕನು ಮಾತ್ರ ಹೆಂಚುಗಳ ಮಧ್ಯದಿಂದ ಇಳಿಸಿದರು ಎಂದು ಬರೆಯುತ್ತಾನೆ. ಹೆಂಚಿನ ಕಾರ್ಖಾನೆಯವನ ಮಗಳಾದ ಮಾಮಿಗೆ ಲೂಕನ ಬರಹವೇ ಸರಿ. ಆ ಕತೆಯಲ್ಲಿ ಯೇಸು ನೋಡುವುದು ಹೊತ್ತು ತಂದವರ ನಂಬಿಕೆಯನ್ನು. ಮಲಗಿದವನು ಏನು ನಂಬಿದ್ದ ಎಂದು ಯಾರೂ ಕೇಳುವುದಿಲ್ಲ. ಪ್ರಾರ್ಥಿಸಲು ಆಗದವರು ಇದ್ದೇ ಇರುತ್ತಾರೆ, ಅವರಿಗಾಗಿ ಹೆಂಚು ತೆಗೆಯುವ ನಾಲ್ಕು ಜನ ಬೇಕು ಎನ್ನುತ್ತಿದ್ದರು ಮಾಮಿ.

ಅಕ್ಟೋಬರಿನ ಮೊದಲ ಭಾನುವಾರ ಸಭೆಯಲ್ಲಿ ಕೃತಜ್ಞತಾ ಕಾಣಿಕೆ ಕೊಟ್ಟು ಸಾಕ್ಷಿ ಹೇಳುವುದೆಂದು ನಿಶ್ಚಯವಾಯಿತು. ದೇವರು ತನಗೆ ಮಾಡಿದ ಉಪಕಾರವನ್ನು ಎಲ್ಲರ ಮುಂದೆ ಎದ್ದು ಹೇಳುವುದನ್ನು ನಮ್ಮಲ್ಲಿ ಸಾಕ್ಷಿ ಎನ್ನುತ್ತಾರೆ. ನನ್ನ ಪ್ರಾರ್ಥನೆಯನ್ನು ದೇವರು ಕೇಳಿದ ಎಂದು ಹೇಗೆಲ್ಲ ಹೇಳಬೇಕೆಂದು ಎರಡು ಹಾಳೆ ಬರೆದಿಟ್ಟಿದ್ದೆ. ಬುಧವಾರ ಅಕ್ಕನ ಮನೆಗೆ ಒಬ್ಬರು ಬಂದರು. ಅವರ ತಮ್ಮನ ಜತೆ ಬಸ್ಸಿನಲ್ಲಿದ್ದವರು. ಅವನಿಗೆ ಸಕ್ಕರೆ ಕಾಯಿಲೆ ಇತ್ತು. ದಾರಿಯಲ್ಲಿ ಇನ್ಸುಲಿನ್ ಮುಗಿಯಿತು, ಎಲ್ಲೂ ಸಿಗಲಿಲ್ಲ. ಗಡಿಯ ಹತ್ತಿರ ತೀರಿಕೊಂಡ. ಅಲ್ಲೇ ಮಣ್ಣು ಮಾಡಿದರು.

ಶನಿವಾರ ರಾತ್ರಿ ಮಾಮಿ ನನ್ನ ಹಾಳೆಗಳನ್ನು ಕೇಳಿ ಓದಿಸಿಕೊಂಡರು. ಮುಗಿದ ಮೇಲೆ ಅಂದರು: “ಅವಳ ತಮ್ಮನಿಗಾಗಿಯೂ ನೀನೇ ಅಲ್ವಾ ಪ್ರಾರ್ಥನೆ ಮಾಡಿದ್ದು? ಅದೇ ಬಾಯಿ, ಅದೇ ಗುರುವಾರ. ದೇವರಿಗೆ ಒಂದು ಹೆಸರು ಕೇಳಿಸಿ ಇನ್ನೊಂದು ಕೇಳಿಸಲಿಲ್ಲ ಅಂತ ಹೇಳುತ್ತೀಯಾ?” ನಾನು ಹಾಳೆ ಹರಿದೆ. ಮರುದಿನ ಎದ್ದು ನಿಂತು ಮೂರು ಮಾತು ಹೇಳಿದೆ. ನಮ್ಮವರು ಬಂದಿದ್ದಾರೆ. ಅಕ್ಕನ ತಮ್ಮ ಬಂದಿಲ್ಲ. ಇಬ್ಬರಿಗಾಗಿಯೂ ನಾವು ಒಟ್ಟಿಗೆ ಬೇಡಿದ್ದೆವು. ಅಷ್ಟು ಹೇಳಿ ಕೂತೆ. ಅದಕ್ಕಿಂತ ಹೆಚ್ಚಿನ ಸಾಕ್ಷಿ ಇವತ್ತಿಗೂ ನನ್ನ ಹತ್ತಿರ ಇಲ್ಲ.

ಅದೇ ತಿಂಗಳು ಹೊರಗಿನಿಂದ ಬಂದ ಒಬ್ಬ ಬೋಧಕ ಅಕ್ಕನ ಮನೆಗೆ ಹೋಗಿ, ನಿಮ್ಮ ನಂಬಿಕೆ ಸಾಲಲಿಲ್ಲ, ಸಂಶಯವಿಲ್ಲದೆ ಕೇಳಿದ್ದರೆ ಅವನು ಬರುತ್ತಿದ್ದ ಎಂದು ಹೇಳಿ ಹೋದ. ಮೂವತ್ತು ವರ್ಷ ಕಳೆದರೂ ಆ ಮಾತು ನೆನೆದರೆ ನನ್ನ ಮೈ ಉರಿಯುತ್ತದೆ. ನಂಬಿಕೆಯನ್ನು ಕಾಸಿನ ಹಾಗೆ ಎಣಿಸಿ, ಇಷ್ಟು ಹಾಕಿದರೆ ಇಷ್ಟು ಬರುತ್ತದೆ ಎಂದು ಹೇಳುವವರು ಇವತ್ತು ಟಿವಿಯಲ್ಲೂ ಮೊಬೈಲಿನಲ್ಲೂ ಇದ್ದಾರೆ. ಅವರಿಗೆ ಸತ್ಯವೇದವನ್ನೇ ತೆರೆದು ತೋರಿಸಬೇಕು. ಪೌಲನು ತನ್ನ ಮೈಗೆ ಚುಚ್ಚಿಕೊಂಡಿದ್ದ ಶೂಲದಂಥ ಒಂದು ನೋವು ಹೋಗಲಿ ಎಂದು ಮೂರು ಸಲ ಬೇಡಿದ, ಹೋಗಲಿಲ್ಲ. ಯೇಸುವೇ ಹಿಡಿದುಕೊಡಲ್ಪಟ್ಟ ರಾತ್ರಿ ಗೆತ್ಸೆಮನೆ ತೋಟದಲ್ಲಿ ನೆಲಕ್ಕೆ ಬಿದ್ದು, ಈ ಕಷ್ಟದ ಪಾತ್ರೆ ನನ್ನಿಂದ ದಾಟಿಹೋಗಲಿ ಎಂದು ಬೇಡಿದ. ಜತೆಗೆ ಎಚ್ಚರವಾಗಿರಿ ಎಂದು ಕೇಳಿಕೊಂಡಿದ್ದ ಗೆಳೆಯರು ನಿದ್ದೆಹೋದರು. ಮೂರು ಸಲ ಹೋಗಿ ಬೇಡಿದ. ಪ್ರತಿ ಸಲವೂ ನಿನ್ನ ಚಿತ್ತವೇ ಆಗಲಿ ಎಂಬಲ್ಲಿಗೆ ಬಂದ. ಮರುದಿನ ಅವನನ್ನು ಶಿಲುಬೆಗೆ ಹಾಕಿದರು, ಅಲ್ಲಿ ಅವನ ಬಾಯಿಗೆ ಬಂದದ್ದು 22ನೆಯ ಕೀರ್ತನೆಯ ದೂರು. ಅವನ ನಂಬಿಕೆ ಸಾಲಲಿಲ್ಲ ಎನ್ನುವ ಧೈರ್ಯ ಯಾರಿಗಿದೆ?

ನಿನ್ನ ಚಿತ್ತ ಎಂಬ ಮಾತನ್ನು ನಾವು ಸೋತವರ ನಿಟ್ಟುಸಿರಿನ ಹಾಗೆ ಹೇಳುತ್ತೇವೆ, ಹಣೆಬರಹ ಎಂದ ಹಾಗೆ. ಯೇಸು ಹಾಗೆ ಹೇಳಲಿಲ್ಲ. ತನಗೆ ಬೇಕಾದದ್ದನ್ನು ಮುಚ್ಚುಮರೆಯಿಲ್ಲದೆ ಕೇಳಿ, ಬೆವರಿ, ಆಮೇಲೆ ಅದನ್ನು ತಂದೆಯ ಕೈಯಲ್ಲಿ ಬಿಟ್ಟ. ಕೇಳದೆ ಬಿಡುವುದು ಬೇರೆ, ಕೇಳಿ ಬಿಡುವುದು ಬೇರೆ. ದಾನಿಯೇಲನ ಪುಸ್ತಕದಲ್ಲಿ ಬೆಂಕಿಯ ಕುಲುಮೆಯ ಮುಂದೆ ನಿಂತ ಮೂವರು ಯುವಕರು ಅರಸನಿಗೆ, ನಮ್ಮ ದೇವರು ನಮ್ಮನ್ನು ಬಿಡಿಸಬಲ್ಲ, ಬಿಡಿಸದಿದ್ದರೂ ನಿನ್ನ ಬಂಗಾರದ ಪ್ರತಿಮೆಗೆ ಅಡ್ಡಬೀಳುವುದಿಲ್ಲ ಎನ್ನುವ ಪ್ರಸಂಗವಿದೆ. ಅವರು ಬದುಕಿ ಬಂದದ್ದನ್ನು ನಾವು ಸಂಡೇಸ್ಕೂಲಿನಲ್ಲಿ ಹೇಳಿಕೊಡುತ್ತೇವೆ. ಬಿಡಿಸದಿದ್ದರೂ ಎಂಬ ಆ ಒಂದು ಮಾತಿನ ತೂಕ ಹೇಳಿಕೊಡುವುದು ಕಷ್ಟ.

ಅಕ್ಕ ಆರು ತಿಂಗಳು ಕೂಟಕ್ಕೆ ಬರಲಿಲ್ಲ. ಮಾಮಿ ದಿನಾ ಮಧ್ಯಾಹ್ನ ಅವರ ಮನೆಗೆ ಹೋಗಿ ಕೂರುತ್ತಿದ್ದರು. ವಚನ ಓದುತ್ತಿರಲಿಲ್ಲ, ಪ್ರಾರ್ಥನೆಯನ್ನೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಯೋಬನ ಮಕ್ಕಳೆಲ್ಲ ಸತ್ತಾಗ ಅವನ ಗೆಳೆಯರು ಬಂದು ಏಳು ದಿನ ನೆಲದ ಮೇಲೆ ಬಾಯಿ ಬಿಡದೆ ಕೂತರು, ಬಾಯಿ ಬಿಟ್ಟ ಮೇಲೇ ಕೆಟ್ಟರು ಎಂದು ಮಾಮಿ ನನಗೆ ಹೇಳುತ್ತಿದ್ದರು. ಆ ಪುಸ್ತಕದ ಕೊನೆಯಲ್ಲಿ ದೇವರ ಸಿಟ್ಟು ಬೀಳುವುದು ದೂರಿದ ಯೋಬನ ಮೇಲಲ್ಲ, ದೇವರ ಪರವಾಗಿ ವಕಾಲತ್ತು ಮಾಡಿದ ಆ ಗೆಳೆಯರ ಮೇಲೆ. 1991ರ ಈಸ್ಟರ್ ಕಳೆದ ಮೇಲಿನ ಒಂದು ಗುರುವಾರ ಅಕ್ಕ ತಾವಾಗಿ ಬಂದರು. ಯಾವ ಭಾಗ ಓದೋಣ ಎಂದು ಕೇಳಿದ್ದಕ್ಕೆ 88ನೆಯ ಕೀರ್ತನೆ ಎಂದರು. ನಾನೇ ಓದಿದೆ. ಕೊನೆಯ ಸಾಲು ಕತ್ತಲೆಯಲ್ಲಿ ನಿಂತಿತು. ಯಾರೂ ಏನೂ ಸೇರಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಕ್ಕನೇ ‘ಆಮೆನ್’ ಎಂದರು.

ಆಮೆನ್ ಎಂದರೆ ಹಾಗೆಯೇ ಆಗಲಿ ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದವಳಾದ್ದರಿಂದ ಪದಗಳ ಬೇರು ಹುಡುಕುವ ಚಟ ನನಗಿದೆ. ಹೀಬ್ರೂವಿನಲ್ಲಿ ಆಮೆನ್, ನಂಬು, ನಂಬಿಗಸ್ತಿಕೆ ಮೂರಕ್ಕೂ ಒಂದೇ ಬೇರು. ಗಟ್ಟಿಯಾಗಿ ನಿಲ್ಲುವುದು, ಅಲುಗದಿರುವುದು ಎಂಬುದು ಅದರ ಅರ್ಥ. ಕನ್ನಡದಲ್ಲೂ ಹೀಗೇ ಇದೆಯಲ್ಲ. ದೇವರಿದ್ದಾನೆಂದು ನಂಬುತ್ತೇನೆ ಎನ್ನಲೂ, ಈ ಹಗ್ಗವನ್ನು ನಂಬಿ ಬಾವಿಗಿಳಿದೆ ಎನ್ನಲೂ ನಮಗೆ ಒಂದೇ ಮಾತು. ನಂಬುವವನನ್ನು ನಂಬಿಕೆಯುಳ್ಳವನು ಎನ್ನುತ್ತೇವೆ, ನಂಬಿಸಿಕೊಳ್ಳಲು ಯೋಗ್ಯನಾದವನನ್ನು ನಂಬಿಗಸ್ತ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್, ಮಂಗಳೂರಿನಲ್ಲಿ ವೈಗ್ಲೆ ಮೊದಲಾದವರು ಕನ್ನಡ ಸತ್ಯವೇದಕ್ಕಾಗಿ ದುಡಿದಾಗ ಈ ಮಾತು ಅವರಿಗೆ ಸಿದ್ಧವಾಗಿಯೇ ಸಿಕ್ಕಿತು. ಹಗ್ಗ ಗಟ್ಟಿಯಿದೆಯೇ ಎಂಬುದು ಇಳಿಯುವವನ ಧೈರ್ಯದ ಮೇಲೆ ನಿಂತಿಲ್ಲ. ನಡುಗುವ ಕೈಯಲ್ಲಿ ಹಿಡಿದರೂ ಹಗ್ಗ ಹಗ್ಗವೇ.

ಮಾಮಿ 1996ರಲ್ಲಿ ತೀರಿಕೊಂಡರು. 2014ರಲ್ಲಿ ನನ್ನ ಗಂಡನೂ. ಮೂತ್ರಪಿಂಡದ ಕಾಯಿಲೆ, ಎರಡು ವರ್ಷ ಡಯಾಲಿಸಿಸ್. ಆಗಲೂ ಪುಸ್ತಕದಲ್ಲಿ ಅವರ ಹೆಸರು ಬರೆದು ಬೇಡಿದೆವು. ಕೊನೆಯ ವಾರ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಅಕ್ಕ ಕೂತಿದ್ದರು. ಫ್ಲಾಸ್ಕಿನಲ್ಲಿ ಗಂಜಿ ತಂದಿದ್ದರು. ಬಾಯಿಬಿಟ್ಟು ಏನೂ ಹೇಳಲಿಲ್ಲ. 2020ರ ಲಾಕ್‌ಡೌನಿನಲ್ಲಿ ಕೂಟ ಫೋನಿನಲ್ಲಿ ನಡೆಯಿತು. ಒಬ್ಬರು ಹೆಸರು ಓದುವುದು, ಉಳಿದವರು ಆ ಕಡೆಯಿಂದ ಆಮೆನ್ ಎನ್ನುವುದು. ಒಬ್ಬೊಬ್ಬರ ಆಮೆನ್ ಒಂದೊಂದು ಹೊತ್ತಿಗೆ ಬಂದು ತಲುಪುತ್ತಿತ್ತು.

ಲೆಕ್ಕದ ಪುಸ್ತಕ ಈಗ ಆರನೆಯದು. ಮೊದಲನೆಯದನ್ನೂ ಇಟ್ಟುಕೊಂಡಿದ್ದೇವೆ. ಮಾಮಿಯ ಒಂದು ಕಟ್ಟಳೆ ಇತ್ತು, ಯಾರ ಹೆಸರನ್ನೂ ಹೊಡೆದುಹಾಕುವಂತಿಲ್ಲ. ಊರಿಗೆ ಬಂದವರ, ಗುಣವಾದವರ ಹೆಸರಿನ ಮುಂದೆ ಒಂದು ಸಣ್ಣ ಗುರುತು, ಅಷ್ಟೇ. 1990ರ ಪುಟದಲ್ಲಿ ಅಕ್ಕನ ತಮ್ಮನ ಹೆಸರಿನ ಮುಂದೆ ಗುರುತಿಲ್ಲ. ಪ್ರತಿ ಆಗಸ್ಟಿನಲ್ಲಿ ಅಕ್ಕ ಆ ಪುಟ ತೆಗೆಸಿ ಎಲ್ಲ ಹೆಸರನ್ನೂ ಓದಿಸುತ್ತಾರೆ.

ಕಳೆದ ಗುರುವಾರ ಹೊಸಬಳೊಬ್ಬಳು ಬಂದಿದ್ದಳು. ಮದುವೆಯಾಗಿ ವರ್ಷವಾಗಿಲ್ಲ. ಗಂಡ ಹಡಗಿನಲ್ಲಿ ಕೆಲಸಕ್ಕಿದ್ದಾನೆ, ಹತ್ತು ದಿನದಿಂದ ಫೋನಿಲ್ಲ. ಬಾಗಿಲ ಹತ್ತಿರವೇ ನಿಂತು, ನನಗೆ ಪ್ರಾರ್ಥನೆ ಮಾಡಲು ಬರುವುದಿಲ್ಲ, ಅಮ್ಮ ಹೇಳಿದ್ದಕ್ಕೆ ಬಂದೆ ಎಂದಳು. ಅಕ್ಕ ಕನ್ನಡಕ ಹಾಕಿಕೊಂಡು ಪುಸ್ತಕ ತೆರೆದು ಅವನ ಹೆಸರು ಕೇಳಿ ಬರೆದರು. ಆಮೇಲೆ ತಲೆಯೆತ್ತಿ ಅವಳ ಮುಖ ನೋಡಿದರು.

“ಮಗಾ, ಇವತ್ತು ಊಟ ಮಾಡಿದೆಯಾ?”

ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು. ಅಕ್ಕ ಪುಸ್ತಕವನ್ನು ನನ್ನ ಕೈಗೆ ಕೊಟ್ಟು ಅಡುಗೆಮನೆಗೆ ಎದ್ದು ಹೋದರು.